ಕಡತ ನಡೆಯದ ದಾರಿ

ದೆಹಲಿಯ ಸೆಂಟ್ರಲ್ ಸೆಕ್ರೆಟೇರಿಯಟ್ ಮೆಟ್ರೊ ನಿಲ್ದಾಣದಲ್ಲಿ ಇಳಿದು ಕರ್ತವ್ಯ ಪಥದ ಹುಲ್ಲುಹಾಸಿನ ಬದಿಯಲ್ಲಿ ಇಂಡಿಯಾ ಗೇಟಿನ ಕಡೆಗೆ ನಡೆದರೆ, ಜನಪಥ ಅಡ್ಡಹಾಯುವ ಮೂಲೆಯಲ್ಲಿ ಕೆಂಪು ಮತ್ತು ತಿಳಿಹಳದಿ ಮರಳುಗಲ್ಲಿನ ಕಂಬಸಾಲಿನ ಕಟ್ಟಡವೊಂದು ಸಿಗುತ್ತದೆ. ಪ್ರವಾಸಿಗರ ಕ್ಯಾಮೆರಾ ಇದರ ಕಡೆ ತಿರುಗುವುದು ಅಪರೂಪ. ಇದು ರಾಷ್ಟ್ರೀಯ ಪತ್ರಾಗಾರ. ಲುಟ್ಯೆನ್ಸ್ ಹೊಸ ದೆಹಲಿಯ ನಕ್ಷೆ ಬರೆದಾಗ ಈ ಕೂಡುರಸ್ತೆಯ ನಾಲ್ಕು ಮೂಲೆಗೂ ಒಂದೊಂದು ದೊಡ್ಡ ಕಟ್ಟಡವನ್ನು ಯೋಚಿಸಿದ್ದ. ಅವುಗಳಲ್ಲಿ ಎದ್ದು ನಿಂತದ್ದು ಇದೊಂದೇ, 1926ರಲ್ಲಿ. 1891ರ ಮಾರ್ಚ್ 11ರಂದು ಕಲ್ಕತ್ತೆಯಲ್ಲಿ ಶುರುವಾದ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟಿನ ಕಾಗದಗಳು ಇಲ್ಲಿಗೆ ಬಂದು ಸೇರಿ ಮುಗಿದದ್ದು 1937ರಲ್ಲಿ. ರಾಜಧಾನಿ ಬದಲಾಗುವ ಘೋಷಣೆ 1911ರಲ್ಲೇ ಆಗಿತ್ತು. ಅದರ ಬೆನ್ನಿಗೆ ಕಾಗದ ಬರಲು ಕಾಲು ಶತಮಾನ ಹಿಡಿಯಿತು. ಆದರೂ ಬಂತು. ಇದೇ ರಸ್ತೆಯ ಇನ್ನೊಂದು ತುದಿಗೆ, ರೈಸಿನಾ ಗುಡ್ಡದ ಮೇಲೆ, ದಶಕಗಳ ಕಾಲ ವಿದೇಶಾಂಗ ಮತ್ತು ರಕ್ಷಣಾ ಸಚಿವಾಲಯಗಳು ಕೂತಿದ್ದ ಸೌತ್ ಬ್ಲಾಕ್ ಇದೆ. ನಿಧಾನವಾಗಿ ನಡೆದರೂ ಅರ್ಧ ತಾಸಿನ ದಾರಿ. 1962ರ ಯುದ್ಧದ ಕಡತಗಳಿಗೆ ಅರವತ್ತು ವರ್ಷ ಕಳೆದರೂ ಆ ಅರ್ಧ ತಾಸಿನ ದಾರಿ ಸವೆದಿರಲಿಲ್ಲ. ಪತ್ರಾಗಾರದ ಬಾಗಿಲು ಸಂಶೋಧಕರಿಗೆ ತೆರೆದಿದೆಯೇ ಎಂದು ಎಲ್ಲರೂ ಕೇಳುತ್ತಾರೆ. ನನಗೆ ಅದು ಎರಡನೆಯ ಪ್ರಶ್ನೆ. ಆ ಬಾಗಿಲಿಗೆ ಕಡತ ಬಂದಿದೆಯೇ ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಸಿಗುವ ಜಾಗ ಜನಪಥವಲ್ಲ, ಸಚಿವಾಲಯಗಳ ರೆಕಾರ್ಡ್ ರೂಮು.

ಬಾಗಿಲಿನ ಮಟ್ಟಿಗೆ ಹೇಳುವುದಾದರೆ, ಅದು ಜನ ಅಂದುಕೊಂಡಷ್ಟು ಗಟ್ಟಿಯಾಗಿ ಮುಚ್ಚಿಲ್ಲ. ಗುರುತಿನ ಚೀಟಿ, ಸಂಶೋಧನೆಯ ವಿಷಯ ಹೇಳುವ ಪತ್ರ, ಒಂದು ಅರ್ಜಿ ಇದ್ದರೆ ಭಾರತೀಯರಿಗೆ ಪ್ರವೇಶ ಸಿಗುತ್ತದೆ. ಒಳಗೆ ಹೋದವರ ಮೊದಲ ಕೆಲಸ ಸೂಚಿ ಸಂಪುಟಗಳನ್ನು ತಿರುವಿಹಾಕುವುದು. ಆಳರಸರ ಗುಮಾಸ್ತರು ವರ್ಷವರ್ಷವೂ, ಇಲಾಖೆ ಇಲಾಖೆಗೂ ಬರೆದಿಟ್ಟ ಅಕಾರಾದಿ ಪಟ್ಟಿಗಳು ಅವು. ಗೃಹ ಇಲಾಖೆಯ ರಾಜಕೀಯ ವಿಭಾಗದ ಕಾಗದಗಳನ್ನು 'ಎ', 'ಬಿ', 'ಡಿಪಾಸಿಟ್' ಎಂದು ದರ್ಜೆ ಮಾಡಿದ್ದಾರೆ. ಮುಖ್ಯವೆನಿಸಿದ್ದು 'ಎ' ಆಗಿ ಅಚ್ಚಾಯಿತು. ಅಷ್ಟೇನೂ ಮುಖ್ಯವಲ್ಲ ಎಂದವರು ಬಗೆದದ್ದು ಕೆಳದರ್ಜೆಗಳಿಗೆ ಇಳಿಯಿತು. ಅನುಭವಸ್ಥ ಸಂಶೋಧಕರು ಈ ಕೆಳದರ್ಜೆಯ ಕಟ್ಟುಗಳಿಗೇ ಮೊದಲು ಕೈ ಹಾಕುವುದುಂಟು. ಸರಕಾರ ಮುಖ್ಯವಲ್ಲವೆಂದು ಬದಿಗಿಟ್ಟದ್ದು ಇವತ್ತಿನ ಇತಿಹಾಸಕಾರರಿಗೆ ಮುಖ್ಯವಾಗಬಹುದು. ಬೇಡಿಕೆ ಚೀಟಿಯಲ್ಲಿ ಇಲಾಖೆ, ವರ್ಷ, ತಿಂಗಳು, ಸಂಖ್ಯೆ ಬರೆದು ಕೊಟ್ಟು ಕಾಯಬೇಕು. ಬಂದ ಕಡತದಲ್ಲಿ ಎರಡು ಪಾಲು: ಒಂದು ಪತ್ರವ್ಯವಹಾರ, ಇನ್ನೊಂದು ಟಿಪ್ಪಣಿ. ಹೊರಗೆ ಹೋದ ಪತ್ರ ಯಾವಾಗಲೂ ಒಂದೇ ದನಿಯಲ್ಲಿ, ಅನುಮಾನವಿಲ್ಲದಂತೆ ಮಾತಾಡುತ್ತದೆ. ಆ ಪತ್ರಕ್ಕೆ ಮುಂಚೆ ಅಧೀನ ಕಾರ್ಯದರ್ಶಿ ಒಂದು ಹೇಳಿದ್ದು, ಮೇಲಿನವರು ಅದನ್ನು ಹೊಡೆದು ಹಾಕಿದ್ದು, ಮತ್ತೊಬ್ಬರು ಅಂಚಿನಲ್ಲಿ ತಕರಾರು ತೆಗೆದದ್ದು ಎಲ್ಲವೂ ಟಿಪ್ಪಣಿಯಲ್ಲಿದೆ. ಕಡತದ ಬೆನ್ನಿಗೆ ಕಟ್ಟಿದ 'ಕೀಪ್ ವಿತ್' ಹಾಳೆಗಳಲ್ಲಿ ಇನ್ನಷ್ಟು ಬಿಚ್ಚುಮಾತು. ಸರಕಾರವೆಂದರೆ ಒಂದೇ ಮನಸ್ಸಿನ ಮನುಷ್ಯ ಎಂಬ ಭ್ರಮೆ ಒಡೆಯುವುದು ಈ ಹಾಳೆಗಳ ಮುಂದೆ. ಪುಸ್ತಕಗಳಲ್ಲಿ ಓದಿ ಗೊತ್ತಾಗದ ಈ ಸಂಗತಿಗಾಗಿಯೇ ಮೂಲ ಕಾಗದದವರೆಗೆ ಹೋಗಬೇಕಾಗುತ್ತದೆ.

ಎಲ್ಲ ಚೀಟಿಗೂ ಕಡತ ಬರುವುದಿಲ್ಲ. ಕೆಲವು ಚೀಟಿಗಳು ಒಂದು ಷರಾ ಹೊತ್ತು ಹಿಂದಿರುಗುತ್ತವೆ. 'ಬ್ರಿಟಲ್' ಎಂದಿದ್ದರೆ ಕಾಗದ ಮುಟ್ಟಿದರೆ ಮುರಿಯುವಷ್ಟು ಒಣಗಿದೆ ಎಂದರ್ಥ. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಹಳೆಯ ಶಾಯಿಯಲ್ಲಿದ್ದ ಕಬ್ಬಿಣವೂ ಆಮ್ಲವೂ ಕಾಗದವನ್ನು ಒಳಗಿನಿಂದಲೇ ತಿನ್ನುತ್ತವೆ. ಅಂಥ ಹಾಳೆಯ ಎರಡೂ ಬದಿಗೆ ತೆಳು ಹಾಳೆ ಇಟ್ಟು ಅಸಿಟೋನ್ ಸವರಿ ಅಂಟಿಸುವ, ದುಬಾರಿ ಯಂತ್ರ ಬೇಡದ ಕ್ರಮವನ್ನು ರೂಪಿಸಿದವರು ಇದೇ ಪತ್ರಾಗಾರದ ತಜ್ಞರು. ನೋವಿನ ಷರಾ ಬೇರೆ ಇದೆ. ಎರಡೇ ಅಕ್ಷರ: 'ಎನ್‌ಟಿ'. ನಾಟ್ ಟ್ರಾನ್ಸ್‌ಫರ್ಡ್, ಅಂದರೆ ವರ್ಗಾವಣೆಯಾಗಿಲ್ಲ. ಸೂಚಿಯಲ್ಲಿ ಕಡತದ ಹೆಸರಿದೆ, ಸಂಖ್ಯೆಯಿದೆ, ವಿಷಯದ ಒಂದು ಸಾಲೂ ಇದೆ. ಆದರೆ ಕಡತ ಈ ಕಟ್ಟಡಕ್ಕೆ ಬರಲೇ ಇಲ್ಲ. ಹುಟ್ಟಿದ ಇಲಾಖೆಯಲ್ಲೇ ಉಳಿದಿದೆ, ಅಥವಾ ಅಲ್ಲಿಂದಲೂ ಎಲ್ಲಿಗೋ ಹೋಗಿದೆ. ಬೆಂಗಳೂರಿನಿಂದ ಎರಡು ರಾತ್ರಿ ರೈಲಿನಲ್ಲಿ ಕೂತು, ಕರೋಲ್ ಬಾಗಿನಲ್ಲಿ ಬಾಡಿಗೆಯ ಕೋಣೆ ಹಿಡಿದು ಬಂದ ಪಿಎಚ್.ಡಿ. ವಿದ್ಯಾರ್ಥಿಗೆ ಆ ಎರಡು ಅಕ್ಷರದ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ಸಿಟ್ಟು ಬರುವುದು ಎದುರಿಗಿರುವ ಸಿಬ್ಬಂದಿಯ ಮೇಲೆ. ಆದರೆ ತಮ್ಮ ಬಳಿ ಇಲ್ಲದ್ದನ್ನು ಅವರು ತಂದುಕೊಡುವುದು ಹೇಗೆ?

2022ರ ಡಿಸೆಂಬರಿನಲ್ಲಿ ಪತ್ರಾಗಾರದ ಅಂದಿನ ಮಹಾನಿರ್ದೇಶಕರೇ ಬಹಿರಂಗವಾಗಿ ಹೇಳಿದ ಲೆಕ್ಕ ಹೀಗಿದೆ. ಕೇಂದ್ರದಲ್ಲಿರುವ ಸಚಿವಾಲಯ ಮತ್ತು ಇಲಾಖೆಗಳು ಒಟ್ಟು 151. ಅವುಗಳಲ್ಲಿ ಪತ್ರಾಗಾರಕ್ಕೆ ದಾಖಲೆ ಕೊಟ್ಟವು 36. 1962, 1965, 1971ರ ಯುದ್ಧಗಳ ದಾಖಲೆ ಇಲ್ಲ, ಹಸಿರು ಕ್ರಾಂತಿಯ ದಾಖಲೆಯೂ ಇಲ್ಲ. ಸ್ವಾತಂತ್ರ್ಯಾನಂತರದ ಇತಿಹಾಸದ ದೊಡ್ಡ ಪಾಲನ್ನೇ ನಾವು ಕಳೆದುಕೊಳ್ಳುತ್ತಿದ್ದೇವೇನೋ ಎಂಬ ಆತಂಕ ಅವರ ಮಾತಿನಲ್ಲಿತ್ತು. ಕಾನೂನು ಇಲ್ಲವೇ ಎಂದರೆ, ಇದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ, ಅದಕ್ಕೆ 1997ರ ನಿಯಮಗಳು. ಪ್ರತಿ ಇಲಾಖೆಯೂ ಒಬ್ಬ ದಾಖಲೆ ಅಧಿಕಾರಿಯನ್ನು ನೇಮಿಸಬೇಕು. 25 ವರ್ಷ ದಾಟಿದ ಕಡತಗಳನ್ನು ಪತ್ರಾಗಾರದ ಜೊತೆ ಕೂತು ಪರಿಶೀಲಿಸಿ, ಉಳಿಸಬೇಕಾದ್ದನ್ನು ಒಪ್ಪಿಸಬೇಕು. ಗೋಪ್ಯವಲ್ಲದ, 30 ವರ್ಷ ಮೀರಿದ ದಾಖಲೆಯನ್ನು ಸಂಶೋಧಕರಿಗೆ ಕೊಡಬಹುದು. 1892ಕ್ಕೆ ಮುಂಚಿನ ಕಾಗದವನ್ನು, ಬಳಕೆಗೆ ಬಾರದಷ್ಟು ಹಾಳಾಗಿದ್ದರೆ ಹೊರತು, ನಾಶ ಮಾಡುವಂತೆಯೇ ಇಲ್ಲ. ಒಳ್ಳೆಯ ಕಾಯ್ದೆ. ಕೊರತೆ ಇರುವುದು ಶಿಕ್ಷೆಯ ಕಲಮಿನಲ್ಲಿ. ಅನುಮತಿಯಿಲ್ಲದೆ ದಾಖಲೆಯನ್ನು ದೇಶದಾಚೆಗೆ ಒಯ್ದರೆ, ನಿಯಮ ಮೀರಿ ನಾಶ ಮಾಡಿದರೆ 5 ವರ್ಷದವರೆಗೆ ಸೆರೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೊಡಬೇಕಾದ ಕಡತವನ್ನು ಕೊಡದೆ ಸುಮ್ಮನೆ ಕೂತರೆ? ಅದಕ್ಕೆ ಶಿಕ್ಷೆಯಿಲ್ಲ. ಕದಿಯುವುದೂ ಸುಡುವುದೂ ಅಪರಾಧ, ಕಪಾಟಿನಲ್ಲಿ ಬಿಟ್ಟು ಗೆದ್ದಲಿಗೆ ತಿನ್ನಿಸುವುದು ಅಪರಾಧವಲ್ಲ. 151ರಲ್ಲಿ 36 ಎಂಬ ಲೆಕ್ಕಕ್ಕೆ ನನಗೆ ಕಾಣುವ ಮುಖ್ಯ ಕಾರಣ ಇದೇ. ಇಲ್ಲಿ ಸಂಚು ಹುಡುಕುವ ಅಗತ್ಯವಿಲ್ಲ. ಯಾರ ಕೆಲಸವೂ ಅಲ್ಲದ ಕೆಲಸ ಯಾರಿಂದಲೂ ಆಗುವುದಿಲ್ಲ.

ದೇಶದ ಭದ್ರತೆಯ ಮಾತು ಇಲ್ಲಿ ಬಂದೇ ಬರುತ್ತದೆ. ಗಡಿ ಇನ್ನೂ ಇತ್ಯರ್ಥವಾಗಿಲ್ಲ, ಹಳೆಯ ನಕ್ಷೆ ಮತ್ತು ಹಳೆಯ ಸಲಹೆಗಳು ಹೊರಬಿದ್ದರೆ ಎದುರಾಳಿಗೆ ಅಸ್ತ್ರ ಸಿಕ್ಕಂತಾಗುತ್ತದೆ ಎನ್ನುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ. ಕೆಲವು ಕಾಗದಗಳಿಗೆ ನಿಜಕ್ಕೂ ಕಾವಲು ಬೇಕು. ಆದರೆ ಬೀಗ ಹಾಕುವುದಕ್ಕೂ ಒಪ್ಪಿಸದೆ ಇರುವುದಕ್ಕೂ ವ್ಯತ್ಯಾಸವಿದೆ. ಗೋಪ್ಯ ಕಡತ ಯಾವುದು, ಎಷ್ಟು ವರ್ಷ ಗೋಪ್ಯ, ಮುಂದಿನ ಪರಿಶೀಲನೆ ಯಾವಾಗ ಎಂದು ಪಟ್ಟಿ ಮಾಡಿ ಇಟ್ಟರೆ ಭದ್ರತೆಗೂ ಇತಿಹಾಸಕ್ಕೂ ಜಾಗ ಸಿಗುತ್ತದೆ. 1962ರ ಸೋಲಿನ ಬಗ್ಗೆ ಸೇನೆಯೇ ವಿಚಾರಣೆ ನಡೆಸಿ ಬರೆಸಿದ 1963ರ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರಕಾರ ಇಂದಿಗೂ ಬಿಡುಗಡೆ ಮಾಡಿಲ್ಲ. ಆದರೆ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ 2014ರಲ್ಲಿ ಅದರ ದೊಡ್ಡ ಭಾಗವನ್ನು ಅಂತರಜಾಲಕ್ಕೆ ಹಾಕಿದರು. ಅಂದರೆ ಆ ಬೀಗ ಈಗ ತಡೆಯುತ್ತಿರುವುದು ನಮ್ಮ ಸಂಶೋಧಕರನ್ನು ಮಾತ್ರ. ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಕಲಮು 20 ವರ್ಷ ಹಿಂದಿನ ಘಟನೆಗಳ ಮಾಹಿತಿಯನ್ನು ಕೆಲವೇ ವಿನಾಯಿತಿಗಳ ಹೊರತು ಕೊಡಬೇಕೆನ್ನುತ್ತದೆ. 2021ರ ಜೂನಿನಲ್ಲಿ ರಕ್ಷಣಾ ಸಚಿವಾಲಯವೇ ಒಂದು ನೀತಿ ಒಪ್ಪಿ, ಯುದ್ಧದಿನಚರಿಗಳೂ ಕಾರ್ಯಾಚರಣೆಯ ಕಡತಗಳೂ 25 ವರ್ಷಕ್ಕೆ ಪರಿಶೀಲನೆಯಾಗಿ ಪತ್ರಾಗಾರ ಸೇರಬೇಕೆಂದು ಹೇಳಿತು. ಕಾವಲಿರುವವರೇ ಕೀಲಿ ಕೊಡಬಹುದೆಂದು ಒಪ್ಪಿದ ಮೇಲೆ ಭದ್ರತೆಯ ವಾದದಲ್ಲಿ ಉಳಿಯುವುದು ಕಡಿಮೆ. ಇದು ದೂರದ ಹಿಮಾಲಯದ ವಿಷಯ, ನಮಗೇನು ಎನ್ನಬೇಡಿ. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಭಿನ್ನಾಭಿಪ್ರಾಯ ಬೆಳೆದು 1959ರಲ್ಲಿ ರಾಜೀನಾಮೆ ಬರೆದು, ನೆಹರೂ ಮಾತಿಗೆ ಹಿಂದೆಗೆದುಕೊಂಡರು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' ಈಗ ವಸ್ತುಸಂಗ್ರಹಾಲಯ. ಅವರ ಸಮವಸ್ತ್ರವನ್ನೂ ಪದಕಗಳನ್ನೂ ಅಲ್ಲಿ ನೋಡಬಹುದು. ಆ ನಾಲ್ಕು ವರ್ಷ ಅವರು ಏನು ಎಚ್ಚರಿಸಿದರು, ಅದಕ್ಕೆ ಟಿಪ್ಪಣಿಯಲ್ಲಿ ಯಾರು ಏನು ಬರೆದರು ಎಂಬುದು ಗಾಜಿನ ಪೆಟ್ಟಿಗೆಯಲ್ಲಿ ಸಿಗುವ ಸಂಗತಿಯಲ್ಲ.

ಹಸಿರು ಕ್ರಾಂತಿಯ ಕಡತಗಳಿಗಂತೂ ಭದ್ರತೆಯ ನೆಪವೂ ಇಲ್ಲ. 1966ರಲ್ಲಿ ಮೆಕ್ಸಿಕೊದಿಂದ 18,000 ಟನ್ ಗೋಧಿ ಬೀಜ ಬಂತು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಿರಬಹುದಾದ ವಿಷಯ. ಗೋಧಿಗೂ ಭತ್ತಕ್ಕೂ ಹರಿದ ಹಣ, ಗೊಬ್ಬರ, ಬೆಂಬಲ ಬೆಲೆ ನಮ್ಮ ರಾಗಿ ಜೋಳಗಳಿಗೆ ಏಕೆ ಹರಿಯಲಿಲ್ಲ? ಅದೇ ಕಾಲದಲ್ಲಿ ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯ ಅವರು ಇಂಡಾಫ್ ತಳಿಗಳಿಂದ ರಾಗಿಯ ಇಳುವರಿಯನ್ನೇ ಬದಲಿಸುತ್ತಿದ್ದರು. ದೆಹಲಿಯ ಕೃಷಿ ಭವನದಲ್ಲಿ ಆ ಹೊತ್ತಿಗೆ ಯಾರಾದರೂ ರಾಗಿಯ ಪರವಾಗಿ ಒಂದು ಟಿಪ್ಪಣಿ ಬರೆದಿದ್ದರೇ? ಬಯಲುಸೀಮೆಯ ರೈತನ ಮೂರು ತಲೆಮಾರಿನ ಬದುಕಿಗೆ ಸಂಬಂಧಿಸಿದ ಈ ಪ್ರಶ್ನೆಗೆ ಉತ್ತರವಿದ್ದರೆ ಕಡತದಲ್ಲಿರಬೇಕು. ಕೃಷಿ ಭವನದಿಂದ ಪತ್ರಾಗಾರಕ್ಕೆ ಹತ್ತು ನಿಮಿಷದ ನಡಿಗೆ.

ಕನ್ನಡಿಗ ಸಂಶೋಧಕರಿಗೆ ದೆಹಲಿ ಒಂದೇ ಯಾತ್ರೆಯೂ ಅಲ್ಲ. 1956ಕ್ಕೆ ಮುಂಚೆ ನಮ್ಮ ನಾಡು ಹರಿದು ಹಂಚಿಹೋಗಿದ್ದ ಹಾಗೆಯೇ ನಮ್ಮ ಕಾಗದವೂ ಹರಿದು ಹಂಚಿಹೋಗಿದೆ. ಕಿತ್ತೂರಿನ 1824ರ ಸಂಗತಿ ಬೇಕಿದ್ದರೆ ಮುಂಬೈಗೆ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರದ ಪತ್ರಾಗಾರಕ್ಕೆ ಹೋಗಬೇಕು. 1837ರ ಸುಳ್ಯ-ಮಂಗಳೂರಿನ ಬಂಡಾಯಕ್ಕೆ ಚೆನ್ನೈನ ಎಗ್ಮೋರು. ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದು. ಮೈಸೂರು ಸಂಸ್ಥಾನಕ್ಕೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ. ಈ ಎಲ್ಲರ ಮೇಲಿನ ದೊರೆ ಏನು ಯೋಚಿಸಿದ ಎಂದು ತಿಳಿಯಲು ದೆಹಲಿ, ಅವನಿಗೂ ಮೇಲಿನವನಿಗಾಗಿ ಲಂಡನ್. ಕಾವೇರಿಯ ಒಂದು ಉದಾಹರಣೆ ಸಾಕು. 1892ರಲ್ಲಿ ಮೈಸೂರು-ಮದ್ರಾಸು ಒಪ್ಪಂದ. 1910ರ ಹೊತ್ತಿಗೆ ಕನ್ನಂಬಾಡಿ ಕಟ್ಟೆಯ ಯೋಜನೆ ಎದ್ದಿತು; ವಿಶ್ವೇಶ್ವರಯ್ಯನವರು ಆಗ ಮುಖ್ಯ ಎಂಜಿನಿಯರು. ಮದ್ರಾಸು ಒಪ್ಪಲಿಲ್ಲ. ಜಗಳ ಭಾರತ ಸರಕಾರಕ್ಕೆ ಹೋಗಿ, ಗ್ರಿಫಿನ್ ಪಂಚಾಯಿತಿ ನಡೆದು 1914ರಲ್ಲಿ ತೀರ್ಪು ಬಂತು. ಭಾರತ ಸರಕಾರ ಅದನ್ನು 1916ರಲ್ಲಿ ಒಪ್ಪಿತು. ಮದ್ರಾಸು ಲಂಡನ್ನಿನ ಭಾರತ ಮಂತ್ರಿಗೆ ಮೇಲ್ಮನವಿ ಹಾಕಿತು. ಎಳೆದಾಡಿ 1924ರ ಫೆಬ್ರುವರಿ 18ರಂದು ಹೊಸ ಒಪ್ಪಂದ. ಒಂದೇ ನದಿ, ಒಂದೇ ಜಗಳ, ನಾಲ್ಕು ದಫ್ತರ. ಮೈಸೂರಿನ ಕಾಗದದಲ್ಲಿ ಮೈಸೂರಿನ ಅಳಲಿದೆ. ಮದ್ರಾಸಿಗೆ ನಿಜವಾಗಿ ಏನು ಭಯವಿತ್ತು ಎಂಬುದು ಚೆನ್ನೈನಲ್ಲಿದೆ. ಭಾರತ ಸರಕಾರ ಯಾರ ಕಡೆ ವಾಲಿತ್ತು ಎಂಬುದು ಜನಪಥದಲ್ಲಿದೆ. ಇವೆಲ್ಲವನ್ನೂ ಓದದೆ ಕಾವೇರಿ ಬಗ್ಗೆ ಬರೆಯುವವರು ತಮ್ಮ ಪಕ್ಷದ ವಕೀಲರಾಗಬಹುದೇ ಹೊರತು ಇತಿಹಾಸಕಾರರಾಗಲಾರರು. 1990ರಲ್ಲಿ ರಚನೆಯಾದ ನ್ಯಾಯಮಂಡಳಿಯೂ 2018ರ ಫೆಬ್ರುವರಿ 16ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟೂ ಈ ಹಳೆಯ ಒಪ್ಪಂದಗಳ ಸಿಂಧುತ್ವವನ್ನು ತೂಗಿ ನೋಡಬೇಕಾಯಿತು. ಮಂಡ್ಯದ ಗದ್ದೆಗೆ ನೀರು ಬಿಡುವ ಲೆಕ್ಕಕ್ಕೂ ನೂರು ವರ್ಷ ಹಳೆಯ ಕಡತಕ್ಕೂ ಇರುವ ನಂಟು ಇಷ್ಟು ನೇರ.

ಇಷ್ಟೆಲ್ಲ ಊರು ಸುತ್ತುವುದೇಕೆ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಅಂತರಜಾಲಕ್ಕೆ ಹಾಕಿದರೆ ಆಯಿತಲ್ಲ ಎಂಬುದು ಈಗ ಸಾಮಾನ್ಯವಾಗಿ ಕೇಳುವ ಮಾತು. ರಾಷ್ಟ್ರೀಯ ಪತ್ರಾಗಾರ 2015ರ ಮಾರ್ಚ್ 11ರಂದು ಶುರುಮಾಡಿದ 'ಅಭಿಲೇಖ್ ಪಟಲ್' ಜಾಲತಾಣ ನಿಜಕ್ಕೂ ದೊಡ್ಡ ಉಪಕಾರ. ಶಿವಮೊಗ್ಗದಲ್ಲಿ ಕೂತು 1831ರ ಕಡತದ ಹೆಸರು ಹುಡುಕಬಹುದು, ಕೆಲವನ್ನು ಓದಲೂಬಹುದು. ಆದರೆ ಹುಡುಕುವ ಕಷ್ಟ ಹುಡುಕಿದವರಿಗೇ ಗೊತ್ತು. 'ಕಿತ್ತೂರು' ಎಂದು ಕೊಟ್ಟರೆ ಏನೂ ಬರದಿರಬಹುದು. ಅಂದಿನ ಗುಮಾಸ್ತನ ಕಿವಿಗೆ ಅದು 'ಕಿಟ್ಟೂರ್'. ಧಾರವಾಡ 'ಧಾರ್ವಾರ್', ನಗರ 'ನುಗ್ಗರ್', ಕೊಡಗು 'ಕೂರ್ಗ್', ಎರಡು ಕನ್ನಡ ಜಿಲ್ಲೆಗಳು ಸೇರಿ 'ಕೆನರಾ'. ಯಂತ್ರ ಕೊಟ್ಟ ಅಕ್ಷರವನ್ನಷ್ಟೇ ಹುಡುಕುತ್ತದೆ. ಈ ಹೆಸರುಗಳ ಹಿಂದೆ ಯಾವ ಊರಿದೆ, ಮೈಸೂರಿನ ವಿಷಯ ಯಾವ ವರ್ಷದವರೆಗೆ ಯಾವ ಇಲಾಖೆಯ ಕೈಯಲ್ಲಿತ್ತು ಎಂದು ಹೇಳಬಲ್ಲ ಹಿರಿಯ ಪತ್ರಪಾಲಕರು ಒಬ್ಬರು ನಿವೃತ್ತರಾದರೆ ಅವರ ಜಾಗವನ್ನು ತಂತ್ರಾಂಶ ತುಂಬುವುದಿಲ್ಲ. ಇನ್ನು ಯಂತ್ರವನ್ನೇ ನಂಬುವ ಮಾತು. ಇಂಡಿಯಾ ಆಫೀಸಿನ ಕಾಗದಗಳಿರುವ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಮೇಲೆ 2023ರ ಅಕ್ಟೋಬರಿನಲ್ಲಿ ಸೈಬರ್ ದಾಳಿ ನಡೆದು ಅದರ ಗಣಕ ವ್ಯವಸ್ಥೆಗಳೇ ಕುಸಿದವು. ಗ್ರಂಥಸೂಚಿ ತಿಂಗಳುಗಟ್ಟಲೆ ಓದುಗರಿಗೆ ಸಿಗಲಿಲ್ಲ. ಕಾಗದ ಕಪಾಟಿನಲ್ಲಿ ಭದ್ರವಾಗಿತ್ತು, ಯಾವ ಕಪಾಟು ಎಂದು ಹೇಳುವ ಸೂಚಿ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾದ ಮಾತೆಂದರೆ, ಸ್ಕ್ಯಾನ್ ಮಾಡಬಹುದಾದದ್ದು ಬಂದು ಸೇರಿದ ಕಡತವನ್ನು ಮಾತ್ರ.

ಸರಕಾರಿ ಕಾಗದವೆಂದರೆ ಆಳುವವರ ದನಿ, ಜನರ ಇತಿಹಾಸಕ್ಕೆ ಅದರ ಹಂಗೇಕೆ ಎಂಬ ವಾದವನ್ನು ನಾನು ಗೌರವಿಸುತ್ತೇನೆ. ಲಾವಣಿ, ಮನೆತನದ ಪತ್ರ, ಮಠದ ಬಖೈರು, ಮುದುಕರ ನೆನಪು, ಎಲ್ಲವೂ ಆಕರವೇ. ಆದರೆ ನಗರ ಸೀಮೆಯ ರೈತರು 1830ರಲ್ಲಿ ಕೂಟ ಕಟ್ಟಿ ಕಂದಾಯ ಕೊಡುವುದಿಲ್ಲವೆಂದು ಎದ್ದು ನಿಂತರಲ್ಲ, ಅವರ ದೂರುಗಳು ನಮಗೆ ಇಷ್ಟು ವಿವರವಾಗಿ ಹೇಗೆ ಗೊತ್ತು? ಆ ದಂಗೆಗೆ ಕಾರಣವೇನೆಂದು ವಿಚಾರಿಸಿ 1833ರಲ್ಲಿ ವರದಿ ಕೊಟ್ಟ ಸಮಿತಿಯ ಕಾಗದಗಳಿಂದ. ಆಳುವವರು ತಮ್ಮ ಉಪಯೋಗಕ್ಕೆ ಕೇಳಿಸಿಕೊಂಡರು, ಬರೆಸಿಕೊಂಡರು, ಬರೆದದ್ದು ಉಳಿಯಿತು, ಈಗ ಅದನ್ನು ರೈತನ ಕಡೆಯಿಂದ ಓದುವ ಸ್ವಾತಂತ್ರ್ಯ ನಮ್ಮದು. ಉಳಿಸುವುದರ ಬೆಲೆ ನಮ್ಮವರಿಗೆ ತಿಳಿಯದ್ದೇನಲ್ಲ. ಕನ್ನಡದಲ್ಲಿ ಫೈಲಿಗೆ ನಾವು ಬಳಸುವ 'ಕಡತ' ಎಂಬ ಮಾತು ವಿಧಾನಸೌಧದಲ್ಲಿ ಹುಟ್ಟಿದ್ದಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದಿಡುತ್ತಿದ್ದ ಕಪ್ಪು ಪುಸ್ತಕವೇ ಮೂಲ ಕಡತ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದ ಕಾಗದಪತ್ರಗಳಲ್ಲಿ ಟಿಪ್ಪು ಸುಲ್ತಾನ ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಸಿದ ಸುಮಾರು 30 ಪತ್ರಗಳನ್ನು ಕಂಡರು. 1791ರಲ್ಲಿ ಮರಾಠಾ ದಂಡು ಮಠವನ್ನು ಲೂಟಿ ಮಾಡಿದ ಮೇಲೆ ನಡೆದ ಪತ್ರವ್ಯವಹಾರ ಅದು. ಟಿಪ್ಪುವಿನ ಬಗ್ಗೆ ಪರವಾಗಿ ಬರೆಯುವವರೂ ವಿರುದ್ಧವಾಗಿ ಬರೆಯುವವರೂ ಅಂದಿನಿಂದ ಆ ಪತ್ರಗಳಿಗೆ ಉತ್ತರ ಹೇಳಲೇಬೇಕಾಗಿದೆ. ಒಂದು ಮಠ ನೂರಿಪ್ಪತ್ತೈದು ವರ್ಷ ಕಾಗದ ಕಾಪಾಡಿತು, ಕೇಳಿದವರಿಗೆ ತೋರಿಸಿತು. ಅಷ್ಟನ್ನು ಒಂದು ಸಚಿವಾಲಯದಿಂದ ನಿರೀಕ್ಷಿಸುವುದು ಅತಿಯಾಸೆಯಲ್ಲ.

ಈಗ ಕೇಂದ್ರದ ಕಚೇರಿಗಳು ಹಳೆಯ ಕಟ್ಟಡ ಬಿಟ್ಟು ಹೊಸ ಕರ್ತವ್ಯ ಭವನಗಳಿಗೆ ಸಾಗುತ್ತಿವೆ. ಮೊದಲನೆಯದು 2025ರ ಆಗಸ್ಟಿನಲ್ಲಿ ಉದ್ಘಾಟನೆಯಾಯಿತು. ಮನೆ ಬದಲಿಸುವಾಗ ಹಳೆಯ ಕಾಗದ ಮೊದಲು ರದ್ದಿಗೆ ಹೋಗುತ್ತದೆ ಎಂಬುದು ಎಲ್ಲ ಸಂಸಾರಸ್ಥರಿಗೂ ಗೊತ್ತು. ಹಳೆ ಫೈಲು ವಿಲೇವಾರಿಯ ವಿಶೇಷ ಅಭಿಯಾನ 2021ರಿಂದ ವರ್ಷವರ್ಷವೂ ಅಕ್ಟೋಬರಿನಲ್ಲಿ ನಡೆಯುತ್ತಿದ್ದು, ತೆರವಾದ ಜಾಗದ ಚದರಡಿಯೂ ರದ್ದಿ ಮಾರಿ ಬಂದ ಹಣವೂ ಸಾಧನೆಯ ಪಟ್ಟಿಯಲ್ಲಿ ಪ್ರಕಟವಾಗುತ್ತವೆ. ಅದೇ ಪಟ್ಟಿಯಲ್ಲಿ ಪತ್ರಾಗಾರಕ್ಕೆ ಒಪ್ಪಿಸಿದ ಕಡತಗಳ ಸಂಖ್ಯೆಗೂ ಅಷ್ಟೇ ದೊಡ್ಡ ಅಕ್ಷರದ ಜಾಗ ಬೇಕು. ಒಪ್ಪಿಸದ ಇಲಾಖೆಯ ಹೆಸರು ಪ್ರತಿವರ್ಷ ಸಂಸತ್ತಿನ ಮುಂದೆ ಬರಬೇಕು. ಕಾಯ್ದೆಯ ಶಿಕ್ಷೆಯ ಕಲಮಿಗೆ ಒಂದು ಸಾಲು ಸೇರಬೇಕು. ಅದನ್ನು ಮಾಡಬೇಕಾದವರು ಸಂಸದರು, ನಮ್ಮ ರಾಜ್ಯದಿಂದ ಲೋಕಸಭೆಗೆ ಹೋಗಿರುವ 28 ಮಂದಿಯೂ ಸೇರಿ. ಅಲ್ಲಿಯವರೆಗೆ ಕನ್ನಡದ ಸಂಶೋಧಕರಲ್ಲಿ ಒಂದು ಕೋರಿಕೆ. 'ಎನ್‌ಟಿ' ಎಂದು ಹಿಂದಿರುಗಿದ ಚೀಟಿಯನ್ನು ಎಸೆಯಬೇಡಿ. ಕಡತದ ಸಂಖ್ಯೆ, ವರ್ಷ, ಇಲಾಖೆ ಗುರುತುಹಾಕಿಕೊಂಡು, ಅದು ಈಗ ಎಲ್ಲಿದೆ, ಏಕೆ ವರ್ಗಾವಣೆಯಾಗಿಲ್ಲ ಎಂದು ಆ ಸಚಿವಾಲಯಕ್ಕೇ ಮಾಹಿತಿ ಹಕ್ಕಿನಡಿ ಬರೆದು ಕೇಳಿ. ಅರ್ಜಿಯ ಶುಲ್ಕ 10 ರೂಪಾಯಿ. 30 ದಿನದೊಳಗೆ ಅವರು ಉತ್ತರ ಕೊಡಬೇಕು.